ಕೆತ್ತಿದ ಗಿಟಾರೊಂದು ಬೇಕು: ಮೈಸೂರಿನ ವೀಣೆ ಮಾಡುವವರಿಗೆ ಬಹಿರಂಗ ಪತ್ರ

ವೀಣೆ ಮಾಡುವ ಹಿರಿಯರಿಗೆ, ಬೀಟೆಯಲ್ಲಿ ಕೆತ್ತನೆ ಮತ್ತು ಇನ್‌ಲೇ ಕೆಲಸ ಮಾಡುವ ಅಣ್ಣಂದಿರಿಗೆ,

ನನಗೊಂದು ಗಿಟಾರ್ ಮಾಡಿಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಅಂಗಡಿಗಳಲ್ಲಿ ನೇತುಹಾಕಿರುವ ಚಪ್ಪಟೆ ಮೇಲ್ಹಲಗೆಯ ಗಿಟಾರ್ ನಮ್ಮ ಊರಿನಲ್ಲಿ ಬೇಕಾದಷ್ಟು ಸಿಗುತ್ತದೆ. ನಾನು ಕೇಳುತ್ತಿರುವುದು ಪಿಟೀಲಿನ ಹಾಗೆ ಮೇಲೂ ಕೆಳಗೂ ಉಬ್ಬಿಕೊಂಡಿರುವ, ದಪ್ಪ ಮರದಿಂದ ಉಳಿಯಲ್ಲಿ ಕೆತ್ತಿ ತೆಗೆದ ಗಿಟಾರನ್ನು. ನುಡಿಸುವವರು ಅದನ್ನು ಆರ್ಚ್‌ಟಾಪ್ ಎನ್ನುತ್ತಾರೆ. ನಿಮ್ಮಲ್ಲೊಬ್ಬರ ಮನೆಯ ಬಾಗಿಲಿಗೆ ಬಂದೇ ಕೇಳಬಹುದಿತ್ತು. ಆದರೆ ಇಂಥದೊಂದು ವಾದ್ಯಕ್ಕಾಗಿ ಹಂಬಲಿಸುವ ಹುಡುಗರು ಮೈಸೂರಿನಲ್ಲಿ ಹಲವರಿದ್ದಾರೆ. ಅವರೂ ಇದನ್ನು ಓದಲಿ, ನೀವು ನೀವೇ ಕೂತು ಇದರ ಬಗ್ಗೆ ಮಾತಾಡಿಕೊಳ್ಳಿ ಎಂದು ಎಲ್ಲರೆದುರೇ ಬರೆಯುತ್ತಿದ್ದೇನೆ.

ನಿಮ್ಮ ಕೈಗೆ ಸಿಗುವ ಮರ ಗಿಟಾರ್ ಪ್ರಪಂಚಕ್ಕೆ ಎಷ್ಟು ಬೇಕಾದದ್ದು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಒಂದು ಕಾಲಕ್ಕೆ ಅಮೆರಿಕದ ಹಲವು ಗಿಟಾರ್ ಕಂಪನಿಗಳು ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದವು. ಬ್ರೆಜಿಲ್ ತನ್ನ ದಿಮ್ಮಿಗಳು ಹೊರಗೆ ಹೋಗದಂತೆ ತಡೆದಾಗ, ನೂರಕ್ಕೂ ಹೆಚ್ಚು ವರ್ಷಗಳಿಂದ ಗಿಟಾರ್ ಮಾಡುತ್ತ ಬಂದಿದ್ದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ತಿರುಗಿತು. ಅಲ್ಲಿಂದ ಈಚೆಗೆ ಒಳ್ಳೆಯ ಗಿಟಾರ್‌ಗಳ ಬೆನ್ನಿಗೆ, ಪಕ್ಕಕ್ಕೆ, ಮೆಟ್ಟಿಲು ಕೂರಿಸುವ ಪಟ್ಟಿಗೆ ಪಶ್ಚಿಮ ಘಟ್ಟದ ಬೀಟೆ ಮಾನ್ಯ. 2017ರ ಜನವರಿಯಲ್ಲಿ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ ಬೀಟೆಯ ಕುಲವನ್ನೆಲ್ಲ ನಿಯಂತ್ರಣದ ಪಟ್ಟಿಗೆ ಸೇರಿಸಿತು. ಗಿಟಾರ್ ಗಡಿ ದಾಟಿಸಲು ಕಾಗದಪತ್ರ ಬೇಕಾಯಿತು, ಪ್ರಪಂಚದ ಉದ್ದಗಲಕ್ಕೆ ಗಿಟಾರ್ ಮಾಡುವವರು ದೂರಿದರು. 2019ರಲ್ಲಿ ಜಿನೀವಾದಲ್ಲಿ ನಡೆದ ಸಭೆ ಪೂರ್ತಿ ತಯಾರಾದ ವಾದ್ಯಗಳಿಗೆ ಆ ಪಟ್ಟಿಯಿಂದ ವಿನಾಯಿತಿ ಕೊಟ್ಟಿತು. ನಮ್ಮ ಕಾಡಿನ ಒಂದು ಮರಕ್ಕಾಗಿ ಅಷ್ಟು ದೇಶಗಳು ಕೂತು ಚರ್ಚಿಸಿವೆ. ಆ ಮರದ ಊರಿನಲ್ಲಿ, ಆ ಮರದ ಮೇಲೆ ತಲೆಮಾರುಗಳಿಂದ ಉಳಿ ಆಡಿಸಿದವರ ಊರಿನಲ್ಲಿ, ಕೆತ್ತಿದ ಗಿಟಾರ್ ಬೇಕೆಂದವನು ಚೀನಾದಿಂದಲೋ ಅಮೆರಿಕದಿಂದಲೋ ತರಿಸಿಕೊಳ್ಳಬೇಕಾಗಿದೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಈ ಗಿಟಾರ್ ಹುಟ್ಟಿದ ಕಥೆ ನಿಮಗೆ ಹತ್ತಿರದ್ದು ಅನಿಸಬಹುದು. ಆರ್ವಿಲ್ ಗಿಬ್ಸನ್ ಎಂಬಾತ 1898ರಲ್ಲಿ ಕೆತ್ತಿದ ಮೇಲ್ಹಲಗೆಯ ಮ್ಯಾಂಡೊಲಿನ್‌ಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಮರವನ್ನು ಬಗ್ಗಿಸಿ ಬಲವಂತ ಮಾಡಬಾರದು, ಕೆತ್ತಿಯೇ ಅದಕ್ಕೆ ಆಕಾರ ಕೊಡಬೇಕು ಎಂಬುದು ಅವನ ನಂಬಿಕೆಯಾಗಿತ್ತು. ಅವನ ಹೆಸರಿನ ಕಂಪನಿ 1902ರಲ್ಲಿ ಕಲಮಜೂ ಎಂಬ ಊರಿನಲ್ಲಿ ಆರಂಭವಾಯಿತು. ಅಲ್ಲಿದ್ದ ಲಾಯ್ಡ್ ಲೋರ್ ಎಂಬ ಸಂಗೀತಗಾರ 1922ರಲ್ಲಿ ಪಿಟೀಲಿನಂತೆಯೇ ಎರಡು ಎಫ್ ಆಕಾರದ ರಂಧ್ರಗಳಿರುವ ಎಲ್-5 ಎಂಬ ಗಿಟಾರನ್ನು ರೂಪಿಸಿದ. ಆಗ ಇನ್ನೂ ಗಿಟಾರಿಗೆ ವಿದ್ಯುತ್ ಬಂದಿರಲಿಲ್ಲ. ತುತ್ತೂರಿ, ಸ್ಯಾಕ್ಸೊಫೋನ್, ಡ್ರಮ್ ಎಲ್ಲ ಒಟ್ಟಿಗೆ ಮೊಳಗುವ ನೃತ್ಯಶಾಲೆಗಳಲ್ಲಿ ಗಿಟಾರಿನ ದನಿ ಹಿಂದಿನ ಸಾಲಿಗೆ ಮುಟ್ಟಬೇಕಿತ್ತು. ಅದಕ್ಕೆ ಲೋರ್ ಕಂಡುಕೊಂಡ ದಾರಿ ಕೆತ್ತನೆ.

ಅದೇ 1920ರ ದಶಕದಲ್ಲಿ, ಇಲ್ಲೇ ತಿರುಮಕೂಡಲಿನಿಂದ ಬಂದು ಬಿಡಾರಂ ಕೃಷ್ಣಪ್ಪನವರಲ್ಲಿ ಕಲಿತ ಚೌಡಯ್ಯನವರಿಗೂ ಇದೇ ಸಮಸ್ಯೆ ಎದುರಾಗಿತ್ತು. ಮೈಕಿಲ್ಲದ ದೊಡ್ಡ ಸಭೆಯಲ್ಲಿ ಪಿಟೀಲು ಹಿಂದಿನವರಿಗೆ ಕೇಳುತ್ತಿರಲಿಲ್ಲ. ಅವರು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಸಿಕೊಂಡರು. ಕಲಮಜೂ ಊರಿನಲ್ಲಿ ಮರವನ್ನು ತಿದ್ದಿದರು, ಮೈಸೂರಿನಲ್ಲಿ ತಂತಿಯನ್ನು ತಿದ್ದಿದರು. ಇಬ್ಬರ ಹಟವೂ ಒಂದೇ. ವಾದ್ಯ ಹೇಗಿದೆಯೋ ಹಾಗೇ ಇರಲಿ ಎಂದು ಚೌಡಯ್ಯನವರು ಸುಮ್ಮನಿದ್ದಿದ್ದರೆ ಏಳು ತಂತಿ ಇರುತ್ತಿರಲಿಲ್ಲ. ಆದ್ದರಿಂದ, ಪರದೇಶದ ವಾದ್ಯ ನಮಗೇಕೆ ಎಂದು ನಿಮ್ಮಲ್ಲಿ ಯಾರಾದರೂ ಕೇಳಿದರೆ, ಪಿಟೀಲು ಕೂಡ ಹಾಗೇ ಬಂದದ್ದು ಎಂದಷ್ಟೇ ಹೇಳುತ್ತೇನೆ.

ಈಗ ಕೆಲಸದ ವಿಷಯಕ್ಕೆ ಬರೋಣ. ನಿಮಗೆ ಇದರಲ್ಲಿ ಅಪರಿಚಿತವಾದದ್ದು ತೀರ ಕಡಿಮೆ. ಮಾಮೂಲಿ ಗಿಟಾರಿನಲ್ಲಿ ಕುದುರೆಯನ್ನು ಮೇಲ್ಹಲಗೆಗೆ ಅಂಟಿಸಿರುತ್ತಾರೆ, ತಂತಿಗಳು ಅದನ್ನು ಮೇಲಕ್ಕೆ ಎಳೆಯುತ್ತವೆ. ಆರ್ಚ್‌ಟಾಪಿನಲ್ಲಿ ಕುದುರೆಯನ್ನು ಅಂಟಿಸುವುದಿಲ್ಲ, ತಂತಿಯ ಒತ್ತಡದಲ್ಲೇ ಅದು ನಿಲ್ಲುತ್ತದೆ. ನಿಮ್ಮ ವೀಣೆಯಲ್ಲಿ ನಾಗಪಾಶ ಮಾಡುವ ಕೆಲಸವನ್ನು ಇಲ್ಲಿ ಟೇಲ್‌ಪೀಸ್ ಮಾಡುತ್ತದೆ: ತಂತಿಯ ಸೆಳೆತವನ್ನೆಲ್ಲ ಹಿಂದಿನ ಅಂಚಿನಲ್ಲಿ ಹಿಡಿದುಕೊಳ್ಳುತ್ತದೆ. ಕುದುರೆಯ ಮೂಲಕ ಮೇಲ್ಹಲಗೆಗೆ ಬೀಳುವುದು ಕೆಳಮುಖದ ಒತ್ತಡ ಮಾತ್ರ. ಆ ಒತ್ತಡವನ್ನು ತಾಳಿಕೊಳ್ಳಬೇಕು, ಜೊತೆಗೆ ಹಗುರಾಗಿ ನಡುಗಬೇಕು. ಇವೆರಡೂ ಆಗಬೇಕಾದರೆ ಹಲಗೆ ಉಬ್ಬಿರಬೇಕು, ಅದರ ದಪ್ಪ ಒಂದೊಂದು ಕಡೆ ಒಂದೊಂದು ರೀತಿ ಇರಬೇಕು.

ಮೇಲ್ಹಲಗೆಗೆ ಸ್ಪ್ರೂಸ್, ಬೆನ್ನಿಗೆ ಮೇಪಲ್ ಬಳಸುವುದು ರೂಢಿ. ಸುಮಾರು ಒಂದು ಇಂಚು ದಪ್ಪದ ಎರಡು ತುಂಡುಗಳನ್ನು ಪುಸ್ತಕ ತೆರೆದಿಟ್ಟಂತೆ ಜೋಡಿಸಿ ಅಂಟಿಸಿ, ಹೊರಗಿನಿಂದಲೂ ಒಳಗಿನಿಂದಲೂ ಕೆತ್ತುತ್ತ ಬರಬೇಕು. ಮಧ್ಯದಲ್ಲಿ ಆರು ಮಿಲಿಮೀಟರಿನ ಆಸುಪಾಸು, ಅಂಚಿನ ಒಳಗಿನ ತಗ್ಗಿನಲ್ಲಿ ಮೂರರ ಆಸುಪಾಸು ಉಳಿಯುತ್ತದೆ. ಮಿಕ್ಕ ಮರವೆಲ್ಲ ಹೊಟ್ಟಾಗಿ ನೆಲ ಸೇರುತ್ತದೆ. ಕೊನೆಯ ಹಂತದಲ್ಲಿ ಅಳತೆಪಟ್ಟಿಗೆ ಕೆಲಸ ಕಡಿಮೆ. ಹಲಗೆಯನ್ನು ಬೆರಳಲ್ಲಿ ಹಿಡಿದು ತಟ್ಟಿ, ಬಾಗಿಸಿ ನೋಡಿ, ಎಲ್ಲಿ ಇನ್ನೂ ಬಿಗಿಯಾಗಿದೆಯೋ ಅಲ್ಲಿ ಒಂದಿಷ್ಟು ತೆಗೆಯುತ್ತಾರೆ. ವೀಣೆಯ ಕೊಡವನ್ನು ಒಂದೇ ದಿಮ್ಮಿಯಿಂದ ತೋಡಿ, ತಟ್ಟಿ ನೋಡಿ, ಗೋಡೆಯನ್ನು ತೆಳ್ಳಗೆ ಮಾಡುವ ನಿಮಗೆ ಇದನ್ನು ನಾನು ವಿವರಿಸುವುದೇ ಹೆಚ್ಚಾಯಿತು. ಈ ಗಿಟಾರಿನ ಬೆಲೆ ಏರುವುದು ಮುಖ್ಯವಾಗಿ ಈ ಒಂದು ಕೆಲಸದಿಂದ. ಆ ಕೆಲಸ ಬಲ್ಲ ಕೈಗಳು ಮೈಸೂರಿನಲ್ಲಿವೆ.

ಹುಡುಗರು ಎಡವುವುದೂ ಇಲ್ಲೇ. ಉಬ್ಬಿದ ಮೇಲ್ಹಲಗೆ, ಎಫ್ ರಂಧ್ರ ಎರಡೂ ಇದ್ದ ಮಾತ್ರಕ್ಕೆ ಅದು ಕೆತ್ತಿದ್ದು ಎಂದು ನಂಬುತ್ತಾರೆ. ಹೆಚ್ಚಿನವು ಪ್ಲೈವುಡ್ಡನ್ನು ಅಚ್ಚಿಗೆ ಹಾಕಿ, ಬಿಸಿಯಲ್ಲಿ, ಅಡಿಕೆ ಹಾಳೆಯ ತಟ್ಟೆ ಒತ್ತುವ ಹಾಗೆ ಒತ್ತಿದವು. ಇನ್ನು ಕೆಲವು ಒಂದೇ ಪದರದ ಗಟ್ಟಿ ಮರವನ್ನೇ ಹಾಗೆ ಒತ್ತಿದವು. ಎಪಿಫೋನ್ ಕಂಪನಿ 2016ರಲ್ಲಿ ತಂದ ಮಾಸ್ಟರ್‌ಬಿಲ್ಟ್ ಸೆಂಚುರಿ ಈ ಎರಡನೆಯ ಬಗೆ. ಗೋಡಿನ್ ಕಂಪನಿಯ ಫಿಫ್ತ್ ಅವೆನ್ಯೂ ಚೆರ್ರಿ ಮರದ ಪದರಗಳದ್ದು, ಐಬನೆಜ್‌ನ ಆರ್ಟ್‌ಕೋರ್ ಸಾಲಿನವೂ ಪದರಗಳವೇ. ಅವು ಕೆಟ್ಟ ವಾದ್ಯಗಳೆಂದು ನಾನು ಹೇಳುವುದಿಲ್ಲ. ಆಂಪ್ಲಿಫೈಯರಿಗೆ ಜೋಡಿಸಿ ನುಡಿಸುವವರಿಗೆ ಪದರದ ಹಲಗೆಯಿಂದ ಲಾಭವೂ ಇದೆ, ದನಿ ಹೆಚ್ಚಿಸಿದಾಗ ಕಿರುಚಾಟ ಕಡಿಮೆ. ಗಿಬ್ಸನ್ ಕಂಪನಿ 1949ರಲ್ಲಿ ಇಎಸ್-175ನ್ನು ಪದರದ ಹಲಗೆಯಲ್ಲೇ ಮಾಡಿತು, ಜಾಜ್‌ನ ಎಷ್ಟೋ ದೊಡ್ಡವರು ಅದನ್ನೇ ನುಡಿಸಿದರು. ಆದರೆ ತಂತಿಯಿಂದಲೇ ಸಭೆಗೆ ಕೇಳಬೇಕು ಎನ್ನುವವನಿಗೆ, ಮೀಟಿದ ಕೂಡಲೇ ಮರ ಮರುನುಡಿಯಬೇಕು ಎನ್ನುವವನಿಗೆ ಕೆತ್ತಿದ್ದೇ ಬೇಕು.

ಕೊಳ್ಳುವ ಹುಡುಗರು ಇಷ್ಟು ನೋಡಲಿ. ಎಫ್ ರಂಧ್ರದ ಅಂಚಿಗೆ ಮೊಬೈಲಿನ ಬೆಳಕು ಹಿಡಿದಾಗ ಪದರ ಪದರವಾಗಿ ಕಂಡರೆ ಅದು ಪ್ಲೈವುಡ್. ಮೇಲಿನ ಮರದ ಗೆರೆಗಳೇ ಅಂಚಿನಲ್ಲೂ ನೇರ ಕೆಳಗಿಳಿದರೆ ಗಟ್ಟಿ ಮರ. ಗಟ್ಟಿ ಮರವೇ ಆದರೂ ಒತ್ತಿದ್ದೋ ಕೆತ್ತಿದ್ದೋ ತಿಳಿಯಲು ಒಳಗೆ ಸಣ್ಣ ಕನ್ನಡಿ ಹಿಡಿದು ದಪ್ಪವನ್ನು ಗಮನಿಸಬೇಕು. ಕೆತ್ತಿದ್ದು ಕುದುರೆಯ ಕಡೆಗೆ ದಪ್ಪವಾಗುತ್ತ ಹೋಗುತ್ತದೆ, ಒತ್ತಿದ್ದು ಎಲ್ಲ ಕಡೆ ಒಂದೇ ಸಮ. ನನ್ನ ಬಳಿ ಕಲಿಯಲು ಬರುವ ಹುಡುಗನೊಬ್ಬ ಬೇರೆ ಊರಿನ ಅಂಗಡಿಯೊಂದರಲ್ಲಿ ಕೆತ್ತಿದ್ದೆಂದು ಹೇಳಿ ಮಾರಿದ ಗಿಟಾರ್ ತಂದ. ಬೆಳಕು ಹಿಡಿದಾಗ ಅಂಚಿನಲ್ಲಿ ಮೂರು ಪದರ ಕಂಡವು. ಅವನ ಅಪ್ಪ ಅದಕ್ಕೆ ಕೊಟ್ಟ ಹಣ ಸಣ್ಣದಾಗಿರಲಿಲ್ಲ.

ಹಾಗಾದರೆ ಕೈಗೆಟುಕುವ ಬೆಲೆಗೆ ಕೆತ್ತಿದ್ದು ಎಲ್ಲೂ ಇಲ್ಲವೆ? ಇದೆ. ದಿ ಲೋರ್ ಎಂಬ ಹೆಸರಿನಲ್ಲಿ ಬರುವ ಎಲ್‌ಎಚ್-600 ಗಿಟಾರಿಗೆ ಕೈಯಲ್ಲಿ ಕೆತ್ತಿದ ಸ್ಪ್ರೂಸ್ ಮೇಲ್ಹಲಗೆ ಇದೆ. ಅಮೆರಿಕದಲ್ಲಿ ಅದು ಸಾವಿರ ಡಾಲರಿನ ಆಸುಪಾಸಿಗೆ ಸಿಗುತ್ತಿತ್ತು. ಅದಕ್ಕಿಂತ ಮೇಲಿನ ದರ್ಜೆಗೆ ಈಸ್ಟ್‌ಮನ್ ಇದೆ. ಆ ಕಂಪನಿ 1992ರಲ್ಲಿ ಶುರುವಾದಾಗ ಮಾಡುತ್ತಿದ್ದುದು ಪಿಟೀಲುಗಳನ್ನು. ಪಿಟೀಲು ಕೆತ್ತುವ ಚೀನೀ ಕೆಲಸಗಾರರ ಕೈಗೇ ಮುಂದೆ ಗಿಟಾರನ್ನೂ ಕೊಟ್ಟರು, ಅದು ಪ್ರಪಂಚದಲ್ಲೆಲ್ಲ ಹೆಸರು ಮಾಡಿತು. ಇದನ್ನು ದಯವಿಟ್ಟು ಇನ್ನೊಮ್ಮೆ ಓದಿ. ಅವರು ಗಿಟಾರ್ ಬಲ್ಲವರನ್ನು ಹುಡುಕಿಕೊಂಡು ಹೋಗಲಿಲ್ಲ. ಕೆತ್ತನೆ ಬಲ್ಲವರಿಗೆ ಗಿಟಾರ್ ಕಲಿಸಿದರು. ಸಾವಿರ ಡಾಲರಿನ ಗಿಟಾರ್ ಇಲ್ಲಿಗೆ ಬರುವಾಗ ಸಾಗಣೆ, ಸುಂಕ, ತೆರಿಗೆ ಎಲ್ಲ ಸೇರಿ ಲಕ್ಷ ದಾಟುತ್ತದೆ. ಸೆಟಪ್ ಸರಿಯಿಲ್ಲದಿದ್ದರೆ ಹಿಂದಕ್ಕೆ ಕಳಿಸುವುದೂ ಕಷ್ಟ.

ಇನ್ನು ತಂತಿ. ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ನೀವು ಹಲಗೆಯನ್ನು ಎಷ್ಟು ತೆಳ್ಳಗೆ ಕೆತ್ತಬೇಕೆಂಬುದನ್ನು ತಂತಿಯೇ ನಿರ್ಧರಿಸುತ್ತದೆ. ತಂತಿಯ ಸೆಟ್ಟನ್ನು ಅದರ ಅತಿ ಸಣ್ಣ ತಂತಿಯ ದಪ್ಪದಿಂದ ಕರೆಯುತ್ತಾರೆ, ಇಂಚಿನ ಸಾವಿರದ ಲೆಕ್ಕದಲ್ಲಿ. 12ರ ಸೆಟ್ ಎಂದರೆ ಮೊದಲ ತಂತಿ 0.30 ಮಿಲಿಮೀಟರ್, ಕೊನೆಯದು ಸುಮಾರು 1.35 ಮಿಲಿಮೀಟರ್. ಕಲಿಯುವವರು ಬೆರಳು ನೋಯದಿರಲೆಂದು 10ರ ಸೆಟ್ ಕೊಳ್ಳುತ್ತಾರೆ, ಎಲೆಕ್ಟ್ರಿಕ್ ನುಡಿಸುವವರು 9ಕ್ಕೂ ಇಳಿಯುತ್ತಾರೆ. ಕೆತ್ತಿದ ಆರ್ಚ್‌ಟಾಪಿಗೆ ಅದು ಸಾಲದು. ಕುದುರೆಯನ್ನು ಕೆಳಗೆ ಒತ್ತುವಷ್ಟು ಬಿಗಿ ಇಲ್ಲದಿದ್ದರೆ ಆ ಉಬ್ಬಿದ ಹಲಗೆ ಏಳುವುದೇ ಇಲ್ಲ, ದನಿ ಮೂಗಿನಿಂದ ಬಂದಂತಿರುತ್ತದೆ. ಒಳ್ಳೆಯ ಗಿಟಾರನ್ನು ಸಪ್ಪೆಯಾಗಿದೆ ಎಂದು ಮಾರಿಬಿಟ್ಟವರಿದ್ದಾರೆ. ಗಿಟಾರಿನಲ್ಲಿ ದೋಷವಿರಲಿಲ್ಲ, ಅದಕ್ಕೆ 10ರ ತಂತಿ ಕಟ್ಟಿದ್ದರು. 12ರ ಸೆಟ್ ಆರೂ ತಂತಿಗಳಲ್ಲಿ ಸೇರಿ ಸುಮಾರು 70ರಿಂದ 75 ಕಿಲೋ ಸೆಳೆಯುತ್ತದೆ. 13ರದು ಅದಕ್ಕಿಂತ ಹೆಚ್ಚು. ಕೌಂಟ್ ಬೇಸಿಯ ಜಾಜ್ ವಾದ್ಯವೃಂದದಲ್ಲಿ 1937ರಿಂದ 1987ರಲ್ಲಿ ತೀರಿಕೊಳ್ಳುವವರೆಗೂ ಕೂತ ಫ್ರೆಡ್ಡಿ ಗ್ರೀನ್ ದಪ್ಪ ತಂತಿಯನ್ನು ಎತ್ತರಿಸಿದ ಕುದುರೆಯ ಮೇಲೆ ಬಿಗಿದು, ಆಂಪ್ಲಿಫೈಯರ್ ಇಲ್ಲದೆಯೇ ಇಡೀ ಬ್ಯಾಂಡಿನ ಲಯ ಹಿಡಿದ. ಅವನ ಬಲವೆಲ್ಲ ಮರದ ಬಲ.

ಲೋಹದ ಆಯ್ಕೆ, ತಂತಿಯ ನಡುಕವನ್ನು ಆಯಸ್ಕಾಂತದಿಂದ ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಪಿಕಪ್ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಪಿಕಪ್ ಇಲ್ಲದೆ ಮರದ ದನಿಯಲ್ಲೇ ನುಡಿಸುವವರು ಫಾಸ್ಫರ್ ಬ್ರಾಂಜ್ ಅಥವಾ ತಾಮ್ರ 80, ಸತು 20ರ ಸುತ್ತಿನ ತಂತಿ ಕಟ್ಟಲಿ. ಆದರೆ ಆ ಸುತ್ತು ಆಯಸ್ಕಾಂತಕ್ಕೆ ಸ್ಪಂದಿಸುವುದಿಲ್ಲ. ಪಿಕಪ್ಪಿಗೆ ಅದರೊಳಗಿನ ಉಕ್ಕಿನ ಎಳೆ ಮಾತ್ರ ಸಿಗುತ್ತದೆ. ಆಗ ಸುತ್ತಿಲ್ಲದ ಎರಡು ತಂತಿ ಅರಚುತ್ತವೆ, ಸುತ್ತಿದ ನಾಲ್ಕು ಮಂಕಾಗುತ್ತವೆ. ಪಿಕಪ್ ಇದ್ದರೆ ನಿಕಲ್ ಸುತ್ತಿನದೇ ಸರಿ. ಎರಡೂ ಬೇಕು ಎನ್ನುವವರಿಗೆ ಮೋನೆಲ್ ಎಂಬ ನಿಕಲ್–ತಾಮ್ರದ ಮಿಶ್ರಲೋಹದ ಸುತ್ತು ಒಂದು ಮಧ್ಯದ ದಾರಿ. ಚಪ್ಪಟೆ ಪಟ್ಟಿಯನ್ನು ಸುತ್ತಿ ನುಣುಪು ಮಾಡಿದ ಫ್ಲಾಟ್‌ವೂಂಡ್ ತಂತಿಗಳೂ ಇವೆ. ಬೆರಳು ಜಾರಿದಾಗ ಕೀರಲು ಸದ್ದಿಲ್ಲ, ನಾದ ಮೆತ್ತಗೆ, ವರ್ಷಗಟ್ಟಲೆ ಬಾಳುತ್ತವೆ. ಜಾಜ್‌ನವರಿಗೆ ಅದೇ ಇಷ್ಟ. ಡಿ'ಅಡಾರಿಯೊ ಕಂಪನಿಯ ಕ್ರೋಮ್ಸ್ ನಮ್ಮಲ್ಲೂ ತರಿಸಿಕೊಳ್ಳಬಹುದು. ಪಿಟೀಲು ತಂತಿಗೆ ಹೆಸರಾದ ವಿಯೆನ್ನಾದ ಥಾಮಸ್ಟಿಕ್-ಇನ್‌ಫೆಲ್ಡ್‌ನವು ಇನ್ನೂ ಸೊಗಸು, ಬೆಲೆಯೂ ಹಾಗೇ.

ಮೈಸೂರಿನವರಿಗೆ ಇನ್ನೊಂದು ಯೋಚನೆ ಇದೆ, ಅದು ಪರದೇಶದ ಯಾವ ಸಲಹೆಗಾರನಿಗೂ ಹೊಳೆಯದು. ನಮ್ಮ ಹುಡುಗರು ಗಿಟಾರಿನಲ್ಲಿ ತೋಡಿ, ಕಾಂಬೋಧಿ ನುಡಿಸಲು ನೋಡುತ್ತಾರೆ. ಗಮಕಕ್ಕೆ ತಂತಿಯನ್ನು ಮೆಟ್ಟಿಲಿನ ಮೇಲೆ ಅಡ್ಡಕ್ಕೆ ಎಳೆಯಬೇಕು. 12ರ ಸೆಟ್ಟಿನಲ್ಲಿ ಮೂರನೆಯ ತಂತಿ ಸಾಮಾನ್ಯವಾಗಿ ಸುತ್ತಿದ್ದು, ಅದು ಎಳೆತಕ್ಕೆ ಬಗ್ಗುವುದಿಲ್ಲ. ಹಾಗೆಂದು 10ಕ್ಕೆ ಇಳಿದರೆ ಮರ ಮಾತಾಡುವುದಿಲ್ಲ. ನನ್ನ ಅನುಭವದ ಸಲಹೆ: 12ರ ಸೆಟ್ಟನ್ನೇ ಕಟ್ಟಿ, ಶ್ರುತಿಯನ್ನು ಎರಡು ಮೆಟ್ಟಿಲು ಇಳಿಸಿ. ಸೆಳೆತ ಐದರಲ್ಲಿ ಒಂದು ಪಾಲು ತಗ್ಗುತ್ತದೆ, ತಂತಿಯ ದಪ್ಪ ಹಾಗೇ ಉಳಿಯುತ್ತದೆ, ದನಿಯ ತೂಕ ಹೋಗುವುದಿಲ್ಲ. ಮೂರನೆಯದನ್ನು ಮಾತ್ರ ಸುತ್ತಿಲ್ಲದ ತಂತಿಯಿಂದ ಬದಲಿಸಿ. ಕುದುರೆ ಅಂಟಿಲ್ಲದ ಕಾರಣ ತಂತಿ ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ, ಒಂದೊಂದಾಗಿ ಬದಲಿಸಿ. ಆಮೇಲೆ ಹನ್ನೆರಡನೇ ಮೆಟ್ಟಿಲಿನ ಮೇಲೆ ಹಗುರವಾಗಿ ಮುಟ್ಟಿ ಬರುವ ಸ್ವರವೂ ಅಲ್ಲೇ ಒತ್ತಿ ಬರುವ ಸ್ವರವೂ ಕೂಡುವವರೆಗೆ ಕುದುರೆಯನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ. ಮೇಣದಲ್ಲಿ 24 ಮೆಟ್ಟಿಲುಗಳನ್ನು ಕಿವಿಯಿಂದಲೇ ಕೂರಿಸುವ ನಿಮಗೆ ಇದು ಎಷ್ಟರ ಕೆಲಸ!

ಹಿಂದೂಸ್ತಾನಿಯವರು ಈ ದಾರಿಯಲ್ಲಿ ಆಗಲೇ ನಡೆದಿದ್ದಾರೆ. ಬ್ರಿಜ್ ಭೂಷಣ್ ಕಾಬ್ರಾ ಅವರು ಗಿಬ್ಸನ್‌ನ ದೊಡ್ಡ ಆರ್ಚ್‌ಟಾಪ್ ಸೂಪರ್ 400ನ್ನು ಮಡಿಲ ಮೇಲೆ ಮಲಗಿಸಿಕೊಂಡು ಉಕ್ಕಿನ ಕಡ್ಡಿಯಿಂದ ರಾಗ ನುಡಿಸಿದರು. ವಿಶ್ವಮೋಹನ ಭಟ್ಟರ ಮೋಹನ ವೀಣೆ ಮೂಲದಲ್ಲಿ ಆರ್ಚ್‌ಟಾಪ್ ಗಿಟಾರ್. ಅದಕ್ಕೆ ಚಿಕಾರಿ, ತರಬ್ ತಂತಿಗಳನ್ನು ಸೇರಿಸಿ ಅವರು ತಮ್ಮದಾಗಿಸಿಕೊಂಡರು, 1994ರಲ್ಲಿ ಅದನ್ನು ನುಡಿಸಿದ ಆಲ್ಬಂಗೆ ಗ್ರ್ಯಾಮಿ ಬಂತು. ವೀಣೆ ಶೇಷಣ್ಣನವರ ಊರು ಇದರಲ್ಲಿ ಹಿಂದೆ ಉಳಿಯಬೇಕಾದ ಕಾರಣ ನನಗೆ ಕಾಣುವುದಿಲ್ಲ. ಪಾಶ್ಚಾತ್ಯ ಸಂಗೀತ ನಮ್ಮ ಅರಮನೆಗೆ ಪರಕೀಯವಾಗಿರಲಿಲ್ಲ. ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ರಿಚರ್ಡ್ ಸ್ಟ್ರಾಸ್‌ನ ಕಡೆಯ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದದ್ದು ಅವರು ಹೊತ್ತ ಹಣದ ಹೊಣೆಯಿಂದ. ಸಾವಿರಾರು ಮೈಲಿ ದೂರದ ಸಂಗೀತಕ್ಕೆ ಹೀಗೆ ನೆರವಾದ ಊರಿನಲ್ಲಿ, ತನ್ನದೇ ಕೆತ್ತನೆಗಾರರ ಒಂದು ಹೊಸ ಪ್ರಯತ್ನಕ್ಕೆ ಬೆನ್ನು ಕೊಡುವವರು ಸಿಗುತ್ತಾರೆಂದು ನಂಬಿದ್ದೇನೆ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇದೇ ಊರಿನಲ್ಲಿದೆ. ನುಡಿಸುವವರನ್ನೂ ಮಾಡುವವರನ್ನೂ ಒಂದೇ ಕೋಣೆಯಲ್ಲಿ ಕೂರಿಸುವ ಕಾರ್ಯಾಗಾರವೊಂದನ್ನು ಅದು ನಡೆಸಿದರೆ ಅರ್ಧ ಕೆಲಸ ಆದಂತೆ.

ನನ್ನ ಬೇಡಿಕೆ ಇಷ್ಟು. ಮೇಲ್ಹಲಗೆಗೆ ಸ್ಪ್ರೂಸ್ ನಾನು ತರಿಸಿಕೊಡುತ್ತೇನೆ. ಹಿಮಾಲಯದಲ್ಲೂ ಅದರ ಒಂದು ಜಾತಿ ಬೆಳೆಯುತ್ತದೆ, ಅದನ್ನೂ ಪರೀಕ್ಷಿಸಬಹುದು. ಬೆನ್ನಿಗೆ ಮೇಪಲ್ಲೇ ಆಗಬೇಕೆಂಬ ಹಟ ನನಗಿಲ್ಲ. ನಿಮ್ಮ ಕೈ ಪಳಗಿರುವ ಹಲಸಿನಲ್ಲಿ ಒಂದು ಮಾಡಿ ನೋಡೋಣ. ಮೆಟ್ಟಿಲಿನ ಪಟ್ಟಿಗೆ, ಕುದುರೆಗೆ ಬೀಟೆ ಇರಲಿ, ಅರಣ್ಯ ಇಲಾಖೆಯ ಅನುಮತಿಯಿರುವ ಡಿಪೊದ ಮರವೇ ಆಗಿರಲಿ, ರಸೀದಿ ಜೊತೆಗಿರಲಿ. ಪಿಕಪ್ಪಿಗಾಗಿ ಮೇಲ್ಹಲಗೆಗೆ ತೂತು ಕೊರೆಯುವುದು ಬೇಡ. ಇನ್‌ಲೇ ಕೂಡ ಈ ಮೊದಲನೆಯದಕ್ಕೆ ಬೇಡ. ಆನೆ, ನವಿಲು ಕೂರಿಸಿದರೆ ಅದು ಎಂಪೋರಿಯಂನ ಗಾಜಿನ ಕಪಾಟು ಸೇರುತ್ತದೆ, ಹುಡುಗರ ಕೈ ಸೇರುವುದಿಲ್ಲ. ಅಂದಕ್ಕೆ ಹೋಗುವ ದಿನಗಳನ್ನೆಲ್ಲ ಹಲಗೆಯ ಒಳಮೈಗೆ ಕೊಡಿ. 12ರ ತಂತಿಯ ಭಾರಕ್ಕೆ ತಕ್ಕಂತೆ ಕೆತ್ತಿ, ಮಳೆಗಾಲದ ತೇವ, ಬೇಸಿಗೆಯ ಒಣಹವೆ ಎರಡನ್ನೂ ಒಂದು ವರ್ಷ ಕಂಡ ಮೇಲೆ ಅದು ಹೇಗಿದೆ ಎಂದು ಒಟ್ಟಿಗೆ ಕೂತು ನೋಡೋಣ. ಬಿರುಕು ಬಿಟ್ಟರೆ ಆ ನಷ್ಟ ನನ್ನದು, ನಿಮ್ಮ ಕೂಲಿ ಪೂರ್ತಿ ನಿಮ್ಮದು.

ಬೆಲೆಯನ್ನು ನೀವೇ ಹೇಳಿ, ಚೌಕಾಸಿ ಮಾಡುವುದಿಲ್ಲ. ಹೊರಗಿನಿಂದ ತರಿಸುವ ಗಿಟಾರಿಗೆ ಕೊಡಬೇಕಾದಷ್ಟು ಹಣವನ್ನು ನಿಮಗೇ ಕೊಡಲು ಒಪ್ಪಿದ್ದೇನೆ, ಅರ್ಧ ಮುಂಗಡ. ನಿಮ್ಮಲ್ಲಿ ಒಬ್ಬರು ಹೂಂ ಎಂದರೆ ಸಾಕು, ಮರ ತರಿಸುವ ಕೆಲಸ ನಾಳೆಯಿಂದಲೇ ಶುರು ಮಾಡುತ್ತೇನೆ.

ಇತಿ ನಿಮ್ಮ ಊರಿನ,
ಒಬ್ಬ ಗಿಟಾರ್ ಮೇಷ್ಟ್ರು